ಬಿ ಜೀವಸತ್ವದ ಪೂರಕಗಳು: ಖರೀದಿಗೆ ಮುನ್ನ ವರ್ತಕರು ಪರಿಶೀಲಿಸಬೇಕಾದ ಅಂಶಗಳು

ಬಿ ಜೀವಸತ್ವದ ಮಾತ್ರೆ, ಕ್ಯಾಪ್ಸೂಲ್ ಮತ್ತು ಪುಡಿಗಳ ಮಾರಾಟ ಇಂದು ಔಷಧ ಅಂಗಡಿಗಳಿಗಷ್ಟೇ ಸೀಮಿತವಾಗಿಲ್ಲ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್‌ಗಳಂತಹ ಪೇಟೆಗಳ ಕಿರಾಣಿ ಅಂಗಡಿಗಳಿಗೂ ಇವು ಆಹಾರ ಪದಾರ್ಥದ ಹೆಸರಿನಲ್ಲಿ ಬರಬಹುದಾಗಿದೆ. ಇಳಕಲ್ ಸೀರೆಯನ್ನು ಕೊಳ್ಳುವಾಗ ಸೆರಗು ಅಪ್ಪಟ ರೇಷ್ಮೆಯದೋ ಕೃತಕ ರೇಷ್ಮೆಯದೋ ಎಂದು ಎಳೆ ಹಿಡಿದು ನೋಡುವ ವರ್ತಕರು, ಈ ಡಬ್ಬಿಗಳನ್ನು ಮಾತ್ರ ಲಾಭಾಂಶವೊಂದನ್ನೇ ನೋಡಿ ತರಿಸುವುದು ವಿಚಿತ್ರವೇ ಸರಿ.

ಮೊದಲಿಗೆ ಸರಕಿನ ವರ್ಗವನ್ನು ಗುರುತಿಸಬೇಕು. ಒಂದೇ ಜೀವಸತ್ವವು ಔಷಧವಾಗಿಯೂ ಆಹಾರ ಪೂರಕವಾಗಿಯೂ ತಯಾರಾಗುತ್ತದೆ. ಆಹಾರ ವರ್ಗದ ಪೂರಕದ ಮೇಲೆ 14 ಅಂಕಿಗಳ ಎಫ್.ಎಸ್.ಎಸ್.ಎ.ಐ. ಪರವಾನಗಿ ಸಂಖ್ಯೆ ಇರಬೇಕು. ಅದು ಆರೋಗ್ಯ ಪೂರಕವೆಂದೂ ಔಷಧೀಯ ಬಳಕೆಗಲ್ಲವೆಂದೂ ನಮೂದಾಗಿರಬೇಕು. ಇಂತಹ ಡಬ್ಬಿಯ ಮೇಲೆ ನರರೋಗ ವಾಸಿಯಾಗುತ್ತದೆಂಬ ಭರವಸೆ ಕಂಡುಬಂದರೆ ಸರಕನ್ನು ಹಿಂದಿರುಗಿಸುವುದೇ ಲೇಸು.

ಬಿ ಗುಂಪಿನಲ್ಲಿ ಎಂಟು ಜೀವಸತ್ವಗಳಿವೆ. ‘ಬಿ ಕಾಂಪ್ಲೆಕ್ಸ್’ ಎಂದ ಮಾತ್ರಕ್ಕೆ ಎಂಟೂ ಇರುತ್ತವೆಂದು ಭಾವಿಸಲಾಗದು. ಹೆಸರಿನಷ್ಟೇ ರೂಪವೂ ಮುಖ್ಯ. ಬಿ12 ಸಾಮಾನ್ಯವಾಗಿ ಸಯನೊಕೊಬಾಲಮಿನ್ ಅಥವಾ ಮೀಥೈಲ್‌ಕೊಬಾಲಮಿನ್ ರೂಪದಲ್ಲಿರುತ್ತದೆ. ಮೊದಲನೆಯದು ಹೆಚ್ಚು ಸ್ಥಿರ. ಎರಡನೆಯದು ಬೆಳಕಿಗೆ ಬೇಗ ಕೆಡುತ್ತದೆ, ಬೆಲೆಯೂ ಹೆಚ್ಚು. ವಯಸ್ಕರಿಗೆ ದಿನಕ್ಕೆ ಬೇಕಾಗುವ ಬಿ12 ಕೇವಲ ಎರಡರಿಂದ ಎರಡೂವರೆ ಮೈಕ್ರೋಗ್ರಾಂ. ಹಾಗಿದ್ದೂ 1500 ಮೈಕ್ರೋಗ್ರಾಂ ಮಾತ್ರೆಗಳು ಮಾರುಕಟ್ಟೆಯಲ್ಲಿವೆ. ದೊಡ್ಡ ಪ್ರಮಾಣದಲ್ಲಿ ನುಂಗಿದಾಗ ಶೇಕಡಾ ಒಂದರಷ್ಟು ಮಾತ್ರ ದೇಹಕ್ಕೆ ಸೇರುವುದರಿಂದ ಕೊರತೆಯ ಚಿಕಿತ್ಸೆಗೆ ಇಂತಹ ಪ್ರಮಾಣ ಉಪಯುಕ್ತ. ಆದರೆ ಅದು ವೈದ್ಯರ ಕೆಲಸ, ಅಂಗಡಿಯ ಕಟ್ಟೆಯ ಮೇಲೆ ತೀರ್ಮಾನವಾಗುವಂತಹುದಲ್ಲ.

ಇದು ಕೇವಲ ಕಾನೂನಿನ ಮಾತಲ್ಲ. ಸಸ್ಯಾಹಾರಿಗಳಿಗೆ ಬಿ12 ದೊರೆಯುವುದು ಮುಖ್ಯವಾಗಿ ಹಾಲು ಮೊಸರಿನಿಂದ. ಸಕ್ಕರೆ ಕಾಯಿಲೆಗೆ ದೀರ್ಘಕಾಲ ಮೆಟ್‌ಫಾರ್ಮಿನ್ ಸೇವಿಸುವವರಲ್ಲಿ ಅದರ ಹೀರಿಕೆ ಕುಗ್ಗುತ್ತದೆ. ಪಾದ ಜುಮ್ಮೆನ್ನುತ್ತದೆ ಎಂದು ಬಂದ ಗಿರಾಕಿಗೆ ಫೋಲಿಕ್ ಆಮ್ಲ ಹೆಚ್ಚಿರುವ, ಬಿ12 ಇಲ್ಲದ ಮಾತ್ರೆ ಕೊಟ್ಟರೆ ರಕ್ತಹೀನತೆ ಸರಿಹೋದಂತೆ ತೋರಿ, ನರಗಳ ಹಾನಿ ಒಳಗೊಳಗೇ ಮುಂದುವರಿಯಬಹುದು. ಬಿ6 ಅನ್ನು ಅತಿಯಾಗಿ ಬಹುಕಾಲ ಸೇವಿಸಿದರೂ ನರಗಳಿಗೆ ಧಕ್ಕೆಯಾಗುತ್ತದೆ.

ತಯಾರಕರು ಲವಣದ ತೂಕವನ್ನೂ ಜೀವಸತ್ವದ ತೂಕವನ್ನೂ ಒಂದೆಂದು ಎಣಿಸಬಾರದು: 100 ಮಿಲಿಗ್ರಾಂ ಪಿರಿಡಾಕ್ಸಿನ್ ಹೈಡ್ರೋಕ್ಲೋರೈಡ್‌ನಲ್ಲಿ ಪಿರಿಡಾಕ್ಸಿನ್ ಇರುವುದು ಸುಮಾರು 82 ಮಿಲಿಗ್ರಾಂ. ಒಣ ಮಿಶ್ರಣಕ್ಕೆ ತೇವ ಕಡಿಮೆ ಹೀರುವ ಥಯಾಮಿನ್ ಮಾನೋನೈಟ್ರೇಟ್ ಒಳ್ಳೆಯದು. ಕ್ಯಾಪ್ಸೂಲಿನ ಕವಚ ಜೆಲಾಟಿನ್‌ನದಾದರೆ ಅದು ಪ್ರಾಣಿಮೂಲದ್ದು. ಹಸಿರು ಚುಕ್ಕೆಯ ಗುರುತನ್ನು ಕೇಳುವ ಗಿರಾಕಿಗಳಿರುವ ಈ ಭಾಗದಲ್ಲಿ ಇದನ್ನು ಮುಚ್ಚಿಡುವುದು ವ್ಯಾಪಾರಕ್ಕೇ ಕೇಡು.

ದಾಸ್ತಾನಿನ ಬಗೆಗೂ ಎಚ್ಚರ ಅಗತ್ಯ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಮುಟ್ಟುವ ಈ ಜಿಲ್ಲೆಯಲ್ಲಿ ತಗಡಿನ ಚಾವಣಿಯ ಗೋದಾಮು ಇನ್ನೂ ಕಾಯುತ್ತದೆ. ರೈಬೋಫ್ಲೇವಿನ್ ಬೆಳಕಿಗೆ, ಥಯಾಮಿನ್ ಶಾಖ ಮತ್ತು ತೇವಕ್ಕೆ ಸತ್ವ ಕಳೆದುಕೊಳ್ಳುತ್ತವೆ. ಪಾರದರ್ಶಕ ಡಬ್ಬಿಯನ್ನು ಬಿಸಿಲು ಬೀಳುವ ಗಾಜಿನ ಕಪಾಟಿನಲ್ಲಿ ಇಡದಿರುವುದು ಕ್ಷೇಮ.

2006ರ ಆಹಾರ ಸುರಕ್ಷತಾ ಕಾಯ್ದೆಯ 27ನೇ ಕಲಮಿನ ಪ್ರಕಾರ, ಅವಧಿ ಮೀರಿದ ಅಥವಾ ತಪ್ಪು ಲೇಬಲ್ಲಿನ ಸರಕು ಮಾರಿದರೆ, ಇಲ್ಲವೇ ಅದು ಯಾರಿಂದ ಬಂತೆಂದು ತೋರಿಸಲಾಗದಿದ್ದರೆ, ಚಿಲ್ಲರೆ ಮಾರಾಟಗಾರನೂ ಹೊಣೆಗಾರನಾಗುತ್ತಾನೆ. ವಿತರಕನು ಕೊಟ್ಟ ಬಿಲ್ಲನ್ನೇ ಕಾಯ್ದೆ ಖಾತರಿ ಪತ್ರವೆಂದು ಪರಿಗಣಿಸುತ್ತದೆ. ಆದ್ದರಿಂದ ಬಿಲ್ಲಿಲ್ಲದ ಅಗ್ಗದ ಸರಕನ್ನು ಒಪ್ಪಿಕೊಳ್ಳದೆ, ಬಿಲ್ಲಿನಲ್ಲಿ ಬ್ಯಾಚ್ ಸಂಖ್ಯೆ ಬರೆಸಿಕೊಂಡು, ದೊಡ್ಡ ಖರೀದಿಯಾದರೆ ಆ ಬ್ಯಾಚಿನ ಪ್ರಯೋಗಾಲಯ ವಿಶ್ಲೇಷಣಾ ಪತ್ರವನ್ನೂ ಕೇಳಿ ಪಡೆಯಬೇಕು.