ಕರಿಬೇವಿನ ಗಿಡದ ಮುಂದೆ ಮಂಡಿಯೂರಿ

ಕೀಟಗಳ ಫೋಟೊ ತೆಗೆಯಲು ಕಾಡಿಗೇ ಹೋಗಬೇಕಿಲ್ಲ. ಹಿತ್ತಿಲಲ್ಲಿ ಒಂದು ಕರಿಬೇವಿನ ಗಿಡವಿದ್ದರೆ ಸಾಕು, ಮೊಟ್ಟೆಯಿಡಲು ಕಾಮನ್ ಮಾರ್ಮನ್ ಚಿಟ್ಟೆ ತಾನಾಗಿ ಬರುತ್ತದೆ.

ಹಂತ 1: ಮೊಬೈಲಿಗೆ ಸಿಕ್ಕಿಸುವ ಕ್ಲಿಪ್ ಮ್ಯಾಕ್ರೊ ಲೆನ್ಸ್‌ನಿಂದ ಶುರು ಮಾಡಿ. ಹಿಂಬದಿಯಲ್ಲಿ ಮೂರು ಕ್ಯಾಮೆರಾ ಇದ್ದರೆ ಮುಖ್ಯ ಕ್ಯಾಮೆರಾದ ಮೇಲೇ ಕೂರಿಸಿ. ದುಬಾರಿ ಕ್ಯಾಮೆರಾ ಆಮೇಲೆ.

ಹಂತ 2: ಬಿಸಿಲೇರುವ ಮುನ್ನ ಹೋಗಿ. ಮೈ ಬಿಸಿಯಾಗುವವರೆಗೆ ಕೀಟಗಳು ಎಲೆಗೆ ಅಂಟಿಕೊಂಡು ಕೂತಿರುತ್ತವೆ. ಅಲುಗಾಡದಿರಲೆಂದು ಹುಳುವನ್ನು ಫ್ರಿಜ್‌ನಲ್ಲಿಟ್ಟು ಫೋಟೊ ತೆಗೆಯುವವರೂ ಇದ್ದಾರೆ. ಆ ಪಾಪದ ಕೆಲಸ ಬೇಡ.

ಹಂತ 3: ಮೊದಲು ದೂರದಿಂದಲೇ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಆಮೇಲೆ ಮೆಲ್ಲಗೆ ಸರಿಯಿರಿ. ನಿಮ್ಮ ನೆರಳು ಮೇಲೆ ಬಿತ್ತೋ, ಹಾರಿತು.

ಹಂತ 4: ಎಲ್ಲರೂ ಸೋಲುವುದು ಫೋಕಸ್‌ನಲ್ಲಿ. ಹತ್ತಿರ ಹೋದಷ್ಟೂ ಸ್ಪಷ್ಟವಾಗಿ ಕಾಣುವ ಪದರ ತೆಳುವಾಗುತ್ತದೆ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ, ಅಪರ್ಚರ್ ಎಫ್/11 ಇಟ್ಟು, ಸೆನ್ಸರ್ ಮೇಲೆ ಕೀಟದ ನಿಜಗಾತ್ರದ ಬಿಂಬ ಹಿಡಿದರೆ ಸ್ಪಷ್ಟವಾಗಿರುವುದು ಹೆಚ್ಚುಕಡಿಮೆ 1 ಮಿಲಿಮೀಟರ್ ಮಾತ್ರ. ಉಸಿರು ಬಿಟ್ಟರೂ ತಪ್ಪುತ್ತದೆ. ಹಾಗಾಗಿ ಫೋಕಸ್ ಒಂದು ದೂರಕ್ಕೆ ಕಟ್ಟಿಹಾಕಿ, ಮೊಣಕೈ ಮಂಡಿಯ ಮೇಲೂರಿ, ನೀವೇ ಕೂದಲೆಳೆಯಷ್ಟು ಹಿಂದೆ ಮುಂದೆ ತೂಗಾಡುತ್ತ ಒಂದೇ ಸಮನೆ ಕ್ಲಿಕ್ಕಿಸಿ. ಇಪ್ಪತ್ತರಲ್ಲಿ ಒಂದರಲ್ಲಿ ಕಣ್ಣು ಚೂಪಾಗಿ ಬಂದರೆ ಗೆದ್ದಿರಿ. ಚಿಟ್ಟೆ ರೆಕ್ಕೆ ಮಡಚಿ ಕೂತಿದ್ದರೆ ಲೆನ್ಸಿನ ಮುಖವನ್ನು ರೆಕ್ಕೆಗೆ ಸಮಾನಾಂತರವಾಗಿ ಹಿಡಿಯಿರಿ. ಗಾಳಿ ಬೀಸಿದರೆ ಎಡಗೈಯಿಂದ ರೆಂಬೆ ಹಿಡಿದುಕೊಳ್ಳಿ.

ಹಂತ 5: ಚಂದದ ಫೋಟೊ ಬೇರೆ, ಗುರುತಿಗೆ ಒದಗುವ ಫೋಟೊ ಬೇರೆ. ಬೆನ್ನು, ಪಕ್ಕ, ರೆಕ್ಕೆಯ ಕೆಳಮೈ, ಮೀಸೆ, ಕೂತ ಗಿಡ ಎಲ್ಲವೂ ಬೇಕು. ರೆಕ್ಕೆಯ ಮೇಲೆ ಕೆಂಪು, ಬಿಳಿ ಮಚ್ಚೆಗಳಿದ್ದ ಚಿಟ್ಟೆಯೊಂದನ್ನು ನಾನು ಬಹಳ ಕಾಲ ಕ್ರಿಮ್ಸನ್ ರೋಸ್ ಎಂದೇ ನಂಬಿದ್ದೆ. ಕ್ರಿಮ್ಸನ್ ರೋಸ್‌ನ ಮರಿಹುಳು ಈಶ್ವರಿ ಬಳ್ಳಿ ತಿಂದು ಮೈಗೆ ವಿಷ ತುಂಬಿಕೊಳ್ಳುತ್ತದೆ. ಹಕ್ಕಿಗಳು ಆ ಚಿಟ್ಟೆಯ ತಂಟೆಗೆ ಹೋಗುವುದಿಲ್ಲ. ಅದರ ವೇಷವನ್ನು ಮಾರ್ಮನ್ ಹೆಣ್ಣುಗಳಲ್ಲಿ ಕೆಲವು ತೊಟ್ಟುಕೊಂಡಿವೆ. ರೆಕ್ಕೆ ನೋಡಿದರೆ ಯಾರಾದರೂ ಮೋಸಹೋಗುತ್ತಾರೆ. ಮೈ ನೋಡಿ: ರೋಸ್‌ನದು ಕೆಂಪು, ಮಾರ್ಮನ್‌ನದು ಕಪ್ಪು. ನನ್ನ ಹಳೆಯ ಫೋಟೊಗಳಲ್ಲಿ ಮೈಯೇ ಮಸುಕಾಗಿತ್ತು!

ಹಂತ 6: ಕಾಲು ಎಣಿಸಿ. ಚಗಳಿ ಇರುವೆಯಂತೆ ಕಾಣುವ ಜೇಡವೊಂದಿದೆ. ಅದರ ಎಂಟು ಕಾಲು ಗುಟ್ಟು ಬಿಟ್ಟುಕೊಡುತ್ತದೆ. ಬಳಿಕ ಫೋಟೊವನ್ನು ಗುರುತಿಗಾಗಿ ಐನ್ಯಾಚುರಲಿಸ್ಟ್ ಆ್ಯಪ್‌ಗೋ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೋ ತಾರೀಖು, ಜಾಗ, ಗಿಡದ ಹೆಸರಿನೊಡನೆ ಏರಿಸಿ. ಆ್ಯಪ್ ತಟ್ಟನೆ ಸೂಚಿಸುವ ಹೆಸರು ಬರೀ ಊಹೆ. ಬಲ್ಲವರು ಒಪ್ಪುವವರೆಗೆ ಕಾಯಿರಿ. ಎಷ್ಟೋ ನೊಣ, ಜೀರುಂಡೆಗಳ ಪ್ರಭೇದ ಫೋಟೊದಿಂದ ತಿಳಿಯುವುದೇ ಇಲ್ಲ. ಕುಲದ ಹೆಸರಿಗೇ ನಿಲ್ಲಿಸಿದರೆ ಅವಮಾನವೇನಿಲ್ಲ.

ಅಷ್ಟರಲ್ಲಿ ಒಗ್ಗರಣೆಗೆ ಕರಿಬೇವು ಕೀಳಲು ಯಾರಾದರೂ ಬಂದರೆ, ಹಕ್ಕಿಯ ಹಿಕ್ಕೆ ಅಂಟಿದಂತಿರುವ ಎಲೆ ಬಿಟ್ಟು ಬೇರೆ ಕೀಳಲು ಹೇಳಿ. ಅದು ಮಾರ್ಮನ್‌ನ ಎಳೆಯ ಮರಿಹುಳು, ಮುಂದಿನ ವಾರದ ಫೋಟೊ.