ಎಸ್‌ಬ್ಯೆರ್ಗ್: ಮೀನು ಹೋದರೂ ಉಳಿದ ಬಂದರು

ಡೆನ್ಮಾರ್ಕಿನ ಪಶ್ಚಿಮ ಕರಾವಳಿಯ ಎಸ್‌ಬ್ಯೆರ್ಗ್ ಹಲವು ದಶಕಗಳ ಕಾಲ ಆ ದೇಶದ ಅತಿ ದೊಡ್ಡ ಮೀನುಗಾರಿಕಾ ಬಂದರಾಗಿತ್ತು. ಆ ಹೆಸರು ಕೇಳಿ ಬಣ್ಣದ ದೋಣಿ, ಹರಡಿದ ಬಲೆ, ಬೆಳಗಿನ ಮೀನು ಹರಾಜು ಇವನ್ನೆಲ್ಲ ನೋಡಲು ಹೋದವರಿಗೆ ಅಲ್ಲಿ ಸಿಗುವುದು ಸಾಲಾಗಿ ಮಲಗಿಸಿದ ಗಾಳಿಯಂತ್ರದ ರೆಕ್ಕೆಗಳು ಮತ್ತು ಎತ್ತರದ ಕ್ರೇನುಗಳು. ನಿರಾಶರಾಗಿ ಮುಂದಿನ ರೈಲು ಹಿಡಿಯಬೇಕಿಲ್ಲ. ಈ ಬಂದರು ಹುಟ್ಟಿದ್ದು ಮೀನಿಗಾಗಿ ಅಲ್ಲ, ಮೀನು ಹೋದಾಗ ಅದು ಸಾಯಲೂ ಇಲ್ಲ. ಮೀನುಗಾರಿಕೆ ಅದರ ಬದುಕಿನ ನಡುವಿನ ಒಂದು ದೊಡ್ಡ ಅಧ್ಯಾಯ. ಆಳದ ನೀರು, ಉದ್ದದ ಧಕ್ಕೆ, ಧಕ್ಕೆಯ ತನಕ ಬರುವ ರೈಲುಹಳಿ ಈ ಮೂರನ್ನು ಹಿಡಿದುಕೊಂಡು ಕಾಲಕಾಲಕ್ಕೆ ಸರಕು ಬದಲಿಸುತ್ತ ಬಂದ ಊರು ಇದು. ಈ ಒಂದು ಮಾತನ್ನು ತಲೆಯಲ್ಲಿಟ್ಟುಕೊಂಡು ಎರಡು ದಿನ ಸುತ್ತಿದರೆ, ನೋಡಲು ಒರಟಾಗಿ ಕಾಣುವ ಈ ಪಟ್ಟಣ ಅಚ್ಚುಕಟ್ಟಾಗಿ ತನ್ನ ಕಥೆ ಹೇಳುತ್ತದೆ.

ಮೊದಲು ಪೇಟೆ, ಆಮೇಲೆ ಧಕ್ಕೆ

ಕೋಪನ್‌ಹೇಗನ್‌ನಿಂದ ರೈಲಿನಲ್ಲಿ ಸುಮಾರು ಮೂರು ಗಂಟೆಯ ದಾರಿ. ಬಿಲ್ಲುಂಡ್ ವಿಮಾನ ನಿಲ್ದಾಣದಲ್ಲಿ ಇಳಿದವರಿಗೆ ರಸ್ತೆಯಲ್ಲಿ ಸುಮಾರು 60 ಕಿ.ಮೀ. ರೈಲು ನಿಲ್ದಾಣದಿಂದ ಹೊರಬಂದು ಮುಖ್ಯ ಚೌಕವಾದ ಟೋರ್ವೆಟ್ ಕಡೆ ನಡೆಯುವಾಗ ಬೀದಿಗಳನ್ನು ಗಮನಿಸಿ. ಯುರೋಪಿನ ಹಳೆಯ ಊರುಗಳ ಸೊಟ್ಟ ಓಣಿಗಳು ಇಲ್ಲಿಲ್ಲ. ರಸ್ತೆಗಳು ದಾರ ಹಿಡಿದು ಎಳೆದಂತೆ ನೇರವಾಗಿವೆ, ಏಕೆಂದರೆ 1870ರಲ್ಲಿ ಇಡೀ ಪಟ್ಟಣವನ್ನು ಮೊದಲು ಕಾಗದದ ಮೇಲೆ ಗೆರೆ ಎಳೆದು ಆಮೇಲೆ ಕಟ್ಟಿದರು. 1864ರ ಯುದ್ಧದಲ್ಲಿ ಪ್ರಷ್ಯಾ ಮತ್ತು ಆಸ್ಟ್ರಿಯಾಗಳ ಎದುರು ಸೋತ ಡೆನ್ಮಾರ್ಕ್ ಶ್ಲೆಸ್ವಿಗ್ ಮತ್ತು ಹೋಲ್‌ಸ್ಟೈನ್ ಪ್ರಾಂತ್ಯಗಳನ್ನು ಕಳೆದುಕೊಂಡಿತು. ಅವುಗಳ ಜೊತೆಗೆ ಇಂಗ್ಲೆಂಡಿಗೆ ಕೃಷಿ ಸರಕು ಸಾಗಿಸುತ್ತಿದ್ದ ಪಶ್ಚಿಮದ ಬಂದರುಗಳೂ ಕೈತಪ್ಪಿದವು. ಆ ಕೊರತೆ ತುಂಬಲು 1868ರ ಏಪ್ರಿಲ್ 24ರಂದು ಒಂದು ಕಾಯ್ದೆ ಮಾಡಿ, ಬೆರಳೆಣಿಕೆಯ ರೈತರ ಮನೆಗಳಿದ್ದ ಜಾಗದಲ್ಲಿ ಸರ್ಕಾರವೇ ಬಂದರು ಕಟ್ಟಲು ಹೊರಟಿತು. 1874ರಲ್ಲಿ ಬಂದರೂ ರೈಲೂ ಒಟ್ಟಿಗೆ ಬಂದವು, ಮರುವರ್ಷ ಇಂಗ್ಲೆಂಡಿಗೆ ಹಡಗು ಸಂಚಾರ ಶುರುವಾಯಿತು. ಡೆನ್ಮಾರ್ಕಿನ ರೈತರು ಧಾನ್ಯ ಬಿಟ್ಟು ಬೆಣ್ಣೆ, ಹಂದಿಮಾಂಸಗಳ ಕಡೆ ಹೊರಳುತ್ತಿದ್ದ ಕಾಲ ಅದು. ಈ ಧಕ್ಕೆ ಮೊದಲು ತುಂಬಿದ್ದು ಹೊಲದಿಂದ, ಕಡಲಿನಿಂದ ಅಲ್ಲ.

ಪೇಟೆಯ ಅಂಚಿನಲ್ಲಿ, ಬಂದರಿಗೆ ಮುಖಮಾಡಿದ ಏರಿನ ಮೇಲೆ 1897ರ ನೀರಿನ ಗೋಪುರವಿದೆ. ಮಧ್ಯಯುಗದ ಕೋಟೆಮನೆಯಂತೆ ಕಾಣುವ ಈ ಕಟ್ಟಡಕ್ಕೆ ಮಾದರಿ ಜರ್ಮನಿಯ ನ್ಯೂರೆಂಬರ್ಗಿನ ಒಂದು ಹಳೆಯ ಮನೆ. ಮೂವತ್ತು ವರ್ಷವೂ ತುಂಬದ ಊರು ತನಗಿಲ್ಲದ ಪ್ರಾಚೀನತೆಯನ್ನು ಹೀಗೆ ಎರವಲು ಪಡೆಯಿತು. ಅದಾದ ಎರಡು ವರ್ಷಕ್ಕೆ, 1899ರಲ್ಲಿ, ಎಸ್‌ಬ್ಯೆರ್ಗಿಗೆ ಪಟ್ಟಣದ ಹಕ್ಕು ದೊರೆಯಿತು. ಗೋಪುರ ಹತ್ತಲು ಸಾಧ್ಯವಾದರೆ ತಪ್ಪದೆ ಹತ್ತಿ (ತೆರೆದಿರುವ ದಿನಗಳನ್ನು ಮೊದಲೇ ವಿಚಾರಿಸಿಕೊಳ್ಳಿ). ಕೆಳಗೆ ಬಂದರಿನ ಹರವು, ಎದುರಿಗೆ ಫೇನ್ಯೋ ದ್ವೀಪ, ನಡುವೆ ಹಡಗುಗಳ ದಾರಿ ಒಂದೇ ನೋಟಕ್ಕೆ ಸಿಗುತ್ತವೆ. ಬಂದರನ್ನು ಇಲ್ಲೇ ಯಾಕೆ ಕಟ್ಟಿದರು ಎಂಬುದಕ್ಕೆ ಉತ್ತರವೂ ಅಲ್ಲೇ ಇದೆ. ದ್ವೀಪ ಪಶ್ಚಿಮದ ಅಲೆಗಳನ್ನು ತಡೆಯುತ್ತದೆ. ಅದರ ಉತ್ತರಕ್ಕಿರುವ ಗ್ರೋಡ್ಯೂಬ್ ಎಂಬ ಕಾಲುವೆಯಂಥ ಆಳದ ಹಾದಿ ಹಡಗುಗಳನ್ನು ಒಳಕ್ಕೆ ಬಿಡುತ್ತದೆ. ಸುತ್ತಲಿನ ಕಡಲು ಆಳವಿಲ್ಲದ ಕೆಸರು ಬಯಲು. ಆ ಹಾದಿಯಲ್ಲೂ ಹೂಳು ತುಂಬುತ್ತಲೇ ಇರುವುದರಿಂದ ಹೂಳೆತ್ತುವ ಕೆಲಸ ನಿಲ್ಲುವಂತಿಲ್ಲ.

ಮೀನಿನ ಕಾಲ ನೋಡಲು ಎಲ್ಲಿಗೆ ಹೋಗಬೇಕು

ಮೀನಿನ ಅಧ್ಯಾಯ ಓದಲು ಪೇಟೆಯಿಂದ ವಾಯುವ್ಯಕ್ಕೆ ಕೆಲವು ಕಿ.ಮೀ. ದೂರದಲ್ಲಿರುವ ಮೀನುಗಾರಿಕೆ ಮತ್ತು ಕಡಲಯಾನ ವಸ್ತುಸಂಗ್ರಹಾಲಯಕ್ಕೆ ಬಸ್ಸಿನಲ್ಲೋ ಸೈಕಲ್ಲಿನಲ್ಲೋ ಹೋಗಬೇಕು. 1968ರಲ್ಲಿ ಆರಂಭವಾದ ಇದಕ್ಕೆ ಅರ್ಧ ದಿನ ಇಡಿ. ಮಕ್ಕಳಿದ್ದರೆ ಮೀನುತೊಟ್ಟಿಗಳೂ ಸೀಲ್ ಪ್ರಾಣಿಗಳಿಗೆ ಆಹಾರ ಕೊಡುವ ಹೊತ್ತೂ ಸಾಕಷ್ಟು ರಂಜಿಸುತ್ತವೆ. ದೊಡ್ಡವರು ಬಲೆಗಳ ಮುಂದೆ ನಿಲ್ಲಬೇಕು. 1848ರಲ್ಲಿ ಲಿಮ್‌ಫ್ಯೋರ್ಡ್‌ನ ಯೆನ್ಸ್ ವೇವರ್ ಎಂಬ ಮೀನುಗಾರ ರೂಪಿಸಿದ ಬಲೆಯ ವಿಧಾನವೊಂದಿದೆ: ಲಂಗರು ಹಾಕಿ, ಉದ್ದನೆಯ ಹಗ್ಗವನ್ನು ಸುತ್ತು ಬಳಸಿ ತಳಕ್ಕೆ ಬಿಟ್ಟು, ಮತ್ತೆ ಲಂಗರಿನ ಬಳಿ ಬಂದು ನಿಂತು ಬಲೆಯನ್ನು ಎಳೆದುಕೊಳ್ಳುವುದು. ತಳದಲ್ಲಿ ಸರಿಯುವ ಹಗ್ಗ ಕೆಸರೆಬ್ಬಿಸಿ ಮೀನನ್ನು ಬಲೆಯ ಬಾಯಿಗೆ ಅಟ್ಟುತ್ತದೆ. ಉತ್ತರ ಸಮುದ್ರದ ಮರಳು ತಳದಲ್ಲಿ ಪ್ಲೇಸ್ ಎಂಬ ಚಪ್ಪಟೆ ಮೀನಿಗೆ ಇದು ಹೇಳಿಮಾಡಿಸಿದ ಉಪಾಯ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಈ ಬಲೆ ಹೊತ್ತ ದೋಣಿಗಳು ಇಲ್ಲಿ ನೆಲೆಯೂರಿದ್ದಕ್ಕೆ ಕಾರಣ ಸರಳ. ಹಿಡಿದ ಮೀನನ್ನು ಅಂದಂದೇ ಸಾಗಿಸಲು ಹಡಗೂ ರೈಲೂ ಇಲ್ಲಿ ಸಿದ್ಧವಾಗಿದ್ದವು. ಬೆಣ್ಣೆಗಾಗಿ ಹಾಕಿದ ಹಳಿ ಮೀನಿಗೆ ಒದಗಿತು. ಎರಡನೆಯ ಮಹಾಯುದ್ಧದ ನಂತರ ಮರಳು ಈಲ್‌ನಂಥ ಸಣ್ಣ ಮೀನನ್ನು ರಾಶಿಗಟ್ಟಲೆ ಹಿಡಿದು ಮೀನೆಣ್ಣೆ, ಮೀನಿನ ಪುಡಿ ಮಾಡುವ ಕಾರ್ಖಾನೆಗಳು ಬೆಳೆದವು, ತಿಳಿನೀಲಿ ಬಣ್ಣದ ನೂರಾರು ದೋಣಿಗಳು ಬಂದರನ್ನು ತುಂಬಿದವು.

ಆ ದೋಣಿಗಳು ಎಲ್ಲಿ ಹೋದವು? ಒಂದೇ ಕಾರಣ ಹೇಳಿದರೆ ತಪ್ಪಾಗುತ್ತದೆ. 1983ರಲ್ಲಿ ರೂಪುಗೊಂಡ ಯುರೋಪಿನ ಸಾಮಾನ್ಯ ಮೀನುಗಾರಿಕಾ ನೀತಿ ಹಿಡಿಯಬಹುದಾದ ಮೀನಿಗೆ ಪಾಲು ನಿಗದಿಮಾಡಿತು, ಹಳೆಯ ದೋಣಿ ಒಡೆದುಹಾಕುವವರಿಗೆ ಪರಿಹಾರ ಸಿಕ್ಕಿತು. ಈ ಶತಮಾನದ ಮೊದಲ ದಶಕದಲ್ಲಿ ಮೀನಿನ ಪಾಲನ್ನೇ ಕೊಳ್ಳುವ, ಮಾರುವ ವ್ಯವಸ್ಥೆ ಡೆನ್ಮಾರ್ಕಿನಲ್ಲಿ ಜಾರಿಯಾದ ಮೇಲೆ ಸಣ್ಣ ದೋಣಿಗಳ ಪಾಲು ಕೆಲವೇ ದೊಡ್ಡ ಹಡಗುಗಳಿಗೆ ಸೇರಿತು. ಆ ಹಡಗುಗಳು ಉತ್ತರದ ಟ್ಯೂಬೊರೋನ್, ಹಾನ್ಸ್ಟ್‌ಹೋಮ್, ಸ್ಕೇಯನ್ ಬಂದರುಗಳನ್ನು ಆರಿಸಿಕೊಂಡವು. ಅಷ್ಟರಲ್ಲಿ ಎಸ್‌ಬ್ಯೆರ್ಗ್‌ನ ಧಕ್ಕೆಗೆ ಹೆಚ್ಚು ಬಾಡಿಗೆ ಕೊಡಬಲ್ಲ ಬೇರೆ ಗಿರಾಕಿಗಳು ಬಂದಿದ್ದರು. 1972ರಲ್ಲಿ ಸುಮಾರು 200 ಕಿ.ಮೀ. ದೂರದ ಡಾನ್ ಕ್ಷೇತ್ರದಿಂದ ಡೆನ್ಮಾರ್ಕಿನ ಮೊದಲ ಕಡಲ ತೈಲ ಬಂತು, ಅದರ ಸಾಗಾಟದ ನೆಲೆ ಇಲ್ಲೇ ಆಯಿತು. 2002ರಲ್ಲಿ ಹೋರ್ನ್ಸ್ ರೆವ್ ಎಂಬ ಮರಳುದಿಬ್ಬದ ಮೇಲೆ 80 ಯಂತ್ರಗಳ, 160 ಮೆಗಾವಾಟ್ ಸಾಮರ್ಥ್ಯದ ಗಾಳಿವಿದ್ಯುತ್ ಸ್ಥಾವರ ಎದ್ದಿತು. ಬಂದರಿನಲ್ಲಿ ನಿಂತಿರುವ, ಅದೇ ದಿಬ್ಬದ ಹೆಸರು ಹೊತ್ತ ಮರದ ದೀಪನೌಕೆಯನ್ನು ಇದರ ಜೊತೆಗೇ ನೋಡಬೇಕು. ಹಡಗುಗಳೇ ಹುಷಾರು ಎಂದು ದೀಪ ಹಚ್ಚಿ ಎಚ್ಚರಿಸಬೇಕಾಗಿದ್ದ ಆಳವಿಲ್ಲದ ನೀರು, ಕಂಬ ನೆಡುವವರಿಗೆ ಅನುಕೂಲವಾಯಿತು. 2022ರ ಮೇ 18ರಂದು ಡೆನ್ಮಾರ್ಕ್, ಜರ್ಮನಿ, ನೆದರ್ಲೆಂಡ್ಸ್, ಬೆಲ್ಜಿಯಂ ನಾಯಕರು ಉತ್ತರ ಸಮುದ್ರದ ಗಾಳಿವಿದ್ಯುತ್ತನ್ನು 2050ರೊಳಗೆ 150 ಗಿಗಾವಾಟ್‌ಗೆ ಏರಿಸುವ ಘೋಷಣೆ ಮಾಡಿದ್ದೂ ಇದೇ ಊರಿನಲ್ಲಿ.

ಬೇರೆ ಊರಿಗೆ ಹೋಗಬಾರದೇಕೆ

ಎಸ್‌ಬ್ಯೆರ್ಗ್‌ಗೆ ಹೋಗಿ ಎಂಬ ಮಾತಿಗೆ ಬರುವ ಆಕ್ಷೇಪಗಳು ನ್ಯಾಯವಾದವೇ. ಜೀವಂತ ಮೀನುಗಾರಿಕೆ ಬೇಕಿದ್ದರೆ ಸ್ಕೇಯನ್ ಇದೆಯಲ್ಲ? ಇದೆ. ಅಲ್ಲಿ ಹರಾಜೂ ಉಂಟು, ಹಳದಿ ಮನೆಗಳೂ ಉಂಟು, ಆನಾ ಮತ್ತು ಮಿಕೇಲ್ ಆಂಕರ್ ದಂಪತಿ ಬರೆದ ಮೀನುಗಾರರ ಚಿತ್ರಗಳೂ ಉಂಟು. ಮೀನನ್ನೇ ನೋಡಬೇಕೆನ್ನುವವರು ಅಲ್ಲಿಗೇ ಹೋಗಲಿ. ಬಂದರೊಂದು ಹೇಗೆ ಬದಲಾಗುತ್ತದೆ ಎಂದು ಅರಿಯಬೇಕಾದವರಿಗೆ ಎಸ್‌ಬ್ಯೆರ್ಗ್ ಹೆಚ್ಚು ಕಲಿಸುತ್ತದೆ. ಹಳೆಯ ಊರೇ ಬೇಕಿದ್ದರೆ ರೈಲಿನಲ್ಲಿ ಹತ್ತಿರವೇ ಇರುವ ರೀಬ, ಡೆನ್ಮಾರ್ಕಿನ ಅತಿ ಹಳೆಯ ಪಟ್ಟಣ, ಅಂದದಲ್ಲಿ ಖಂಡಿತ ಮೇಲು. ಅದನ್ನು ಎಸ್‌ಬ್ಯೆರ್ಗ್‌ಗೆ ಬದಲಾಗಿ ನೋಡದೆ ಅದರ ಜೊತೆಯಾಗಿ ನೋಡಿ. ಮಧ್ಯಯುಗದಲ್ಲಿ ಪಶ್ಚಿಮದ ದೊಡ್ಡ ಬಂದರು ರೀಬವೇ ಆಗಿತ್ತು. ಹಡಗುಗಳು ದೊಡ್ಡವಾದಂತೆ ಅದರ ಸಣ್ಣ ನದಿ ಸಾಲದಾಯಿತು, ವ್ಯಾಪಾರ ಜಾರಿಹೋಯಿತು. ಹೊಸದನ್ನು ಕಟ್ಟುವ ದುಡ್ಡಿಲ್ಲದ್ದರಿಂದ ಹಳೆಯ ಮನೆಗಳು ಉಳಿದವು. ಅಲ್ಲಿ ಸೊಬಗಾಗಿ ಕಾಣುವುದು ನಿಂತುಹೋದ ಬಂದರಿನ ಫಲ, ಇಲ್ಲಿ ಒರಟಾಗಿ ಕಾಣುವುದು ನಡೆಯುತ್ತಿರುವ ಬಂದರಿನ ಲಕ್ಷಣ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಬಂದರು ಉಳಿಯಿತು ಸರಿ, ಮೀನುಗಾರ ಉಳಿದನೇ? ಧಕ್ಕೆಯನ್ನು ಬೇರೆ ಕೆಲಸಕ್ಕೆ ಹೊಂದಿಸಿಕೊಂಡಷ್ಟು ಸುಲಭವಾಗಿ ಮನುಷ್ಯನ ಕಸುಬು ಬದಲಾಗುವುದಿಲ್ಲ. ಬಲೆ ಹೆಣೆಯುವ ಕೈಗೆ ಗಾಳಿಯಂತ್ರದ ದುರಸ್ತಿ ತಾನಾಗಿ ಬಂದುಬಿಡದು. ಆದ್ದರಿಂದ ಇದನ್ನು ಬರೀ ಗೆಲುವಿನ ಕಥೆಯೆಂದು ಓದಬಾರದು. ಲಾಭವೂ ಶಾಶ್ವತವಲ್ಲ: 1875ರಿಂದ ಬಂದ ಇಂಗ್ಲೆಂಡಿನ ಪ್ರಯಾಣಿಕರ ಹಡಗು 2014ರಲ್ಲಿ ನಿಂತಿತು. ಈ ನಷ್ಟ ಬಂದರಿನ ಗುಣವನ್ನೇ ತೋರಿಸುತ್ತದೆ. ಅದು ಯಾವ ಕಸುಬಿಗೂ ಕೊನೆಯವರೆಗೆ ನಿಷ್ಠೆ ತೋರಲಿಲ್ಲ, ಹಾಗಾಗಿಯೇ ಬದುಕಿತು. ಅದರ ಬೆಲೆ ತೆತ್ತವರ ಉಪಕರಣಗಳು ಮೇಲೆ ಹೇಳಿದ ವಸ್ತುಸಂಗ್ರಹಾಲಯದಲ್ಲಿವೆ.

ಎರಡು ದಿನದ ಹಂಚಿಕೆ

ಮೇಯಿಂದ ಸೆಪ್ಟೆಂಬರ್‌ವರೆಗೆ ಹೋಗಲು ಒಳ್ಳೆಯ ಕಾಲ. ಜೂನ್‌ನಲ್ಲಿ ರಾತ್ರಿ ಹತ್ತರ ತನಕ ಬೆಳಕಿರುತ್ತದೆ. ಬೇಸಿಗೆಯಲ್ಲೂ ಗಾಳಿ, ಮಳೆ ಬಿಡುವುದಿಲ್ಲ; ಕೊಡೆ ಗಾಳಿಗೆ ನಿಲ್ಲದು, ರೇನ್‌ಕೋಟ್ ಒಯ್ಯಿರಿ. ಭಾರತದ ಪಾಸ್‌ಪೋರ್ಟಿಗೆ ಶೆಂಗೆನ್ ವೀಸಾ ಬೇಕು. ಹಣ ಯೂರೋ ಅಲ್ಲ, ಕ್ರೋನ. ಕಾರ್ಡ್ ಎಲ್ಲೆಡೆ ನಡೆಯುತ್ತದೆ. ಮೊದಲ ದಿನ ಬೆಳಿಗ್ಗೆ ಪೇಟೆ, ಗೋಪುರ, ದೀಪನೌಕೆ. ಗಾಳಿಯಂತ್ರ ಇಳಿಸುವ ಅಂಗಳಗಳಿಗೆ ಬೇಲಿ ಇದೆ, ಒಳಗೆ ಬಿಡುವುದಿಲ್ಲ; ಹೊರಗಿನ ರಸ್ತೆಯಿಂದಲೇ ನೋಡಬೇಕು. ಮಧ್ಯಾಹ್ನ ವಸ್ತುಸಂಗ್ರಹಾಲಯ, ಅದರ ಹತ್ತಿರವೇ ಕಡಲಿಗೆ ಮುಖಮಾಡಿ ಕುಳಿತ ನಾಲ್ವರು ಬಿಳಿಯ ಪುರುಷರ 9 ಮೀಟರ್ ಎತ್ತರದ ಶಿಲ್ಪ. ಸ್ವೆನ್ ವೀಗ್ ಹಾನ್ಸೆನ್ ರೂಪಿಸಿದ ಇದು 1995ರದು. ಎರಡನೆಯ ದಿನ ಫೇನ್ಯೋ: ದೋಣಿ ಪ್ರಯಾಣ ಸುಮಾರು 12 ನಿಮಿಷ. ಆ ಹಾದಿಯಲ್ಲಿ ಹಿಂತಿರುಗಿ ನೋಡಿದರೆ ಬಂದರು ಒಟ್ಟಾಗಿ ಕಾಣುವುದು. ಈ ಕರಾವಳಿಯ ಕೆಸರು ಬಯಲು 2014ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಇಳಿತದಲ್ಲಿ ಅದರ ಮೇಲೆ ನಡೆಯಬಹುದು, ಆದರೆ ಮಾರ್ಗದರ್ಶಕರಿಲ್ಲದೆ ದೂರ ಹೋಗಬೇಡಿ. ನೀರು ಏರುವ ವೇಗ ಹೊಸಬರಿಗೆ ಅಂದಾಜಿಗೆ ಸಿಗದು. ಒಂದೇ ದಿನವಿದ್ದರೆ ದ್ವೀಪ ಕೈಬಿಡಿ, ವಸ್ತುಸಂಗ್ರಹಾಲಯ ಬಿಡಬೇಡಿ. ರೀಬಕ್ಕೆ ಹೋಗುವುದಾದರೆ ಎಸ್‌ಬ್ಯೆರ್ಗ್ ಮುಗಿಸಿಯೇ ಹೋಗಿ. ನಡೆಯುವ ಬಂದರನ್ನು ಮೊದಲು ಕಂಡವರಿಗೆ, ನಿಂತ ಬಂದರು ಏಕೆ ಅಷ್ಟು ಚೆಂದ ಉಳಿದಿದೆ ಎಂಬುದು ಯಾರೂ ಹೇಳದೆಯೇ ತಿಳಿಯುತ್ತದೆ.