ಹೆಡ್ ಬೋಲ್ಟ್ ಬಿಗಿಯುವ ಮುನ್ನ

ಹಳೆಯ ಗಾಡಿಗಳ ಮೇಲೆ ನಿಮಗಿರುವ ಪ್ರೀತಿ ಕಂಡರೆ ನನ್ನಂಥ ಹಳಬರಿಗೆ ಸಂತೋಷವೇ. ಮೈಸೂರಿನ ಯಾದವಗಿರಿಯಲ್ಲಿ ತಯಾರಾದ ಜಾವಾ, ಯೆಜ್ಡಿಗಳು, ಅಜ್ಜ ಓಡಿಸಿದ ಅಂಬಾಸಿಡರ್, ಎಸ್ಟೇಟಿನ ಶೆಡ್ಡಿನಲ್ಲಿ ತುಕ್ಕು ಹಿಡಿಯುತ್ತಿದ್ದ ಜೀಪು ಇವೆಲ್ಲ ಗುಜರಿ ಸೇರದೆ ಉಳಿದಿದ್ದರೆ ಅದಕ್ಕೆ ನೀವೇ ಕಾರಣ. ಆದರೆ ಇಂಜಿನ್ ಬಿಚ್ಚಿದ ಹುಡುಗರು ಹೆಡ್ಡನ್ನು ಮತ್ತೆ ಕೂರಿಸುವಾಗ ಪಡುವ ಅವಸರ ನೋಡಿದರೆ ಎದೆ ಝಲ್ಲೆನ್ನುತ್ತದೆ. ಯೆಜ್ಡಿ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ, ಅಂಬಾಸಿಡರ್ ನಿಂತದ್ದು 2014ರಲ್ಲಿ. ನೀವು ಬ್ಲಾಕ್ ಒಡೆದುಕೊಂಡರೆ ಹೊಸದು ಮಾಡಿಕೊಡುವವರು ಯಾರೂ ಇಲ್ಲ.

ನಮ್ಮ ಕಾಲದ ಗ್ಯಾರೇಜುಗಳಲ್ಲಿ ಟಾರ್ಕ್ ರೆಂಚ್ ಅಪರೂಪ. ಮೇಸ್ತ್ರಿಗಳು ರಿಂಗ್ ಸ್ಪ್ಯಾನರ್ ಹಿಡಿದೇ ಬಿಗಿಯುತ್ತಿದ್ದರು. ಹುಡುಗರು ಸ್ಪ್ಯಾನರಿಗೆ ಪೈಪು ಸಿಕ್ಕಿಸಲು ಹೋದರೆ ಬೈಗುಳ ಬೀಳುತ್ತಿತ್ತು, ಯಾಕೆಂದರೆ ಸ್ಪ್ಯಾನರಿನ ಉದ್ದವೇ ಬಲಕ್ಕೊಂದು ಮಿತಿ. ವರ್ಷಗಟ್ಟಲೆ ಅದೇ ಇಂಜಿನ್ ಬಿಚ್ಚಿ ಕಟ್ಟಿದ ಕೈಗೆ ಎಲ್ಲಿ ನಿಲ್ಲಿಸಬೇಕೆಂಬುದು ಗೊತ್ತಾಗಿಬಿಡುತ್ತಿತ್ತು. ಹಾಗಂತ ಆ ಕಾಲವನ್ನು ತೀರಾ ಹೊಗಳಲಾರೆ. ಗ್ಯಾಸ್ಕೆಟ್ ಹೋಗಿ ಆಯಿಲ್‌ಗೆ ನೀರು ಸೇರಿದ ಇಂಜಿನ್ನುಗಳು ಆಗಲೂ ಸಾಲುಗಟ್ಟಿ ಬರುತ್ತಿದ್ದವು.

ವರ್ಷಕ್ಕೊಂದು ಹೆಡ್ ಇಳಿಸುವ ನಿಮ್ಮ ಕೈಗೆ ಆ ಅಂದಾಜು ಬರುವುದು ಕಷ್ಟ. ಬರಲೇಬೇಕೆಂದೂ ಇಲ್ಲ. ಒಳ್ಳೆಯದೊಂದು ಟಾರ್ಕ್ ರೆಂಚ್ ಕೊಳ್ಳಿ. ಗಾಳಿ ಗನ್ನು ಚಕ್ರದ ನಟ್ಟಿಗೆ ಇರಲಿ, ಹೆಡ್ಡಿನ ಹತ್ತಿರ ತರಬೇಡಿ. ಆದರೆ ರೆಂಚ್ ಟಕ್ ಎಂದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ತಿಳಿಯಬೇಡಿ. ಅದು ಅಳೆಯುವುದು ನೀವು ತಿರುಗಿಸುವ ಬಲವನ್ನು, ಹೆಡ್ಡನ್ನು ಹಿಡಿದಿಡುವ ಬಲವನ್ನಲ್ಲ. ತಿರುಗಿಸಿದ ಬಲದಲ್ಲಿ ಹತ್ತಕ್ಕೆ ಒಂಬತ್ತು ಪಾಲು ಥ್ರೆಡ್ಡಿನ ಮತ್ತು ಬೋಲ್ಟಿನ ತಲೆಯಡಿಯ ಘರ್ಷಣೆಗೇ ಹೋಗುತ್ತದೆ. ಉಳಿದ ಒಂದು ಪಾಲು ಮಾತ್ರ ಬೋಲ್ಟನ್ನು ಎಳೆದು ಹೆಡ್ಡನ್ನು ಅದುಮುತ್ತದೆ. ತುಕ್ಕು, ಕಸ, ಹಳೆಯ ಪೇಂಟು ಇದ್ದರೆ ಆ ಒಂದು ಪಾಲೂ ದಕ್ಕುವುದಿಲ್ಲ. ರೆಂಚ್ ಸರಿಯಾದ ಅಂಕಿ ತೋರಿಸುತ್ತದೆ, ಬೋಲ್ಟು ಮಾತ್ರ ಸಡಿಲವಾಗೇ ಇರುತ್ತದೆ.

ಅದಕ್ಕೇ ಹೇಳುತ್ತೇನೆ, ಬಿಗಿಯಲು ಅರ್ಧ ಗಂಟೆಯಾದರೆ ಒರೆಸಲು ಅರ್ಧ ದಿನ ಕೊಡಿ. ಒಂದೊಂದು ಬೋಲ್ಟನ್ನೂ ವೈರ್ ಬ್ರಷ್‌ನಿಂದ ಉಜ್ಜಿ, ಬರಿಗೈಯಲ್ಲಿ ಕೊನೆಯವರೆಗೂ ತಿರುಗುತ್ತದೆಯೇ ನೋಡಿ. ಹೊಸ ಬೋಲ್ಟಿನ ಪಕ್ಕದಲ್ಲಿಟ್ಟಾಗ ಉದ್ದ ಹೆಚ್ಚಾಗಿ, ನಡು ಸಣ್ಣಗಾಗಿ ಕಂಡರೆ ಅದು ಹಿಗ್ಗಿಹೋಗಿದೆ, ಎಸೆದುಬಿಡಿ. ಬ್ಲಾಕಿನಲ್ಲಿ ತಳ ಮುಚ್ಚಿದ ತೂತುಗಳಿದ್ದರೆ ಒಳಗಿನ ನೀರು, ಆಯಿಲ್ ಪೂರ್ತಿ ತೆಗೆಯಿರಿ. ದ್ರವ ಅದುಮಿದರೆ ಕುಗ್ಗುವುದಿಲ್ಲ. ಬೋಲ್ಟು ಇಳಿದಂತೆ ಅದು ಬ್ಲಾಕನ್ನೇ ಸೀಳುತ್ತದೆ.

ಬಿಗಿಯುವ ಕ್ರಮ ಹಳಬರಿಗೆಲ್ಲ ಬಾಯಿಪಾಠ. ನಡುವಿನಿಂದ ಶುರುಮಾಡಿ ಎರಡೂ ತುದಿಗೆ ಹೋಗಬೇಕು. ಒಂದೇ ಸಲಕ್ಕೆ ಪೂರ್ತಿ ಬಿಗಿಯದೆ ಮೂರು ಸುತ್ತಿನಲ್ಲಿ ಏರಿಸಬೇಕು. ಬಿಚ್ಚುವಾಗ ತುದಿಯಿಂದ ನಡುವಿಗೆ, ಅದೂ ಇಂಜಿನ್ ಪೂರ್ತಿ ತಣ್ಣಗಾದ ಮೇಲೆ. ಪದ್ಮಿನಿ ಕಾರಿನ ಹೆಡ್ ಅಲ್ಯೂಮಿನಿಯಂ, ಬ್ಲಾಕ್ ಬೀಡುಕಬ್ಬಿಣ. ಬಿಸಿಗೆ ಅಲ್ಯೂಮಿನಿಯಂ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಬಿಸಿಯಿರುವಾಗಲೇ ಬಿಚ್ಚಿದ ಹೆಡ್ ಸೊಟ್ಟಗಾದರೆ ಮತ್ತೆ ಮಷಿನ್ ಶಾಪಿಗೆ ಹೊರಬೇಕು.

ಒಂದೊಂದು ಇಂಜಿನ್ನಿಗೂ ಒಂದೊಂದು ಗುಟ್ಟಿದೆ. ಮಹೀಂದ್ರಾದ ಹಳೆಯ ಹರಿಕೇನ್ ಇಂಜಿನ್ನಿನಲ್ಲಿ ಹೆಡ್ಡಿನ ಒಂದು ಬೋಲ್ಟು ಕಾರ್ಬ್ಯುರೇಟರಿನ ಕೆಳಗೆ, ಗಾಳಿ ಹೋಗುವ ದಾರಿಯೊಳಗೇ ಅಡಗಿ ಕೂತಿರುತ್ತದೆ. ಕಾರ್ಬ್ಯುರೇಟರ್ ತೆಗೆದು ಬಗ್ಗಿ ನೋಡದಿದ್ದರೆ ಅದು ಕಾಣುವುದಿಲ್ಲ. ಎಲ್ಲ ಬೋಲ್ಟು ಬಿಚ್ಚಾಯಿತೆಂದುಕೊಂಡು ಹೆಡ್ಡಿಗೆ ಸ್ಕ್ರೂಡ್ರೈವರ್ ಸಿಕ್ಕಿಸಿ ಮೀಟುವವರು ಈಗಲೂ ಇದ್ದಾರೆ. ಅಂಬಾಸಿಡರಿನ 1489 ಸಿಸಿ ಇಂಜಿನ್ನಿನದು ಬೇರೆಯೇ ಕಥೆ. ಅದರ ರಾಕರ್ ಹಿಡಿದಿರುವ ಕೆಲವು ನಟ್ಟುಗಳು ಹೆಡ್ಡಿನ ಸ್ಟಡ್ಡುಗಳ ಮೇಲೇ ಇವೆ. ಬರೀ ರಾಕರ್ ಕೆಲಸವೆಂದು ಅವನ್ನು ಸಡಿಲಿಸಿದರೆ ಹೆಡ್ಡಿನ ಹಿಡಿತವೂ ಸಡಿಲ. ಮೊದಲು ರೇಡಿಯೇಟರಿನ ನೀರು ಇಳಿಸಿ, ಆಮೇಲೆ ಕೈ ಹಾಕಿ.

ಮೊಬೈಲಿನಲ್ಲಿ ಯಾರೋ ಹೇಳಿದ ಅಂಕಿ ನಂಬಿ ಬಿಗಿಯಬೇಡಿ, ನಿಮ್ಮ ಗಾಡಿಯ ಮ್ಯಾನ್ಯುಯಲ್ ಹುಡುಕಿ. ಅಂಕಿಯ ಜೊತೆ ಅಳತೆಯನ್ನೂ ಓದಿ. ಇಂಗ್ಲಿಷ್ ಗಾಡಿಗಳ ಪುಸ್ತಕದಲ್ಲಿ ಪೌಂಡ್-ಅಡಿ ಇರುತ್ತದೆ, ನಿಮ್ಮ ರೆಂಚಿನಲ್ಲಿ ನ್ಯೂಟನ್-ಮೀಟರ್. 40 ಪೌಂಡ್-ಅಡಿ ಎಂದರೆ ಸುಮಾರು 54 ನ್ಯೂಟನ್-ಮೀಟರ್. ಇನ್ನು ಕೆಲವು ಪುಸ್ತಕಗಳಲ್ಲಿ ಕೆಜಿ-ಮೀಟರ್, ಅದರಲ್ಲಿ ಒಂದು ಅಂದರೆ ಏಳು ಪೌಂಡ್-ಅಡಿಗೂ ಮಿಗಿಲು. ಇಲ್ಲಿ ಎಡವಿದರೆ ಬೋಲ್ಟು ಕೈಯಲ್ಲೇ ಮುರಿಯುತ್ತದೆ.

ಹಿಂದೆ ಹೆಡ್ ಮಾಡಿಸಿದ ಗಿರಾಕಿಗೆ, ಸ್ವಲ್ಪ ಓಡಿಸಿ ಮತ್ತೆ ಗಾಡಿ ತನ್ನಿ ಎಂದು ಹೇಳಿ ಕಳಿಸುವ ರೂಢಿಯಿತ್ತು. ಆ ರೂಢಿ ತಪ್ಪಿಹೋಗಿರುವುದೇ ನನಗೆ ದೊಡ್ಡ ಚಿಂತೆ. ತಾಮ್ರದ ತಗಡಿನ ಹಳೇ ಬಗೆಯ ಗ್ಯಾಸ್ಕೆಟ್ ಬಿಸಿಯಾಗಿ ತಣಿದಂತೆ ಕೂರುತ್ತದೆ, ಬೋಲ್ಟುಗಳ ಹಿಡಿತ ಕಡಿಮೆಯಾಗುತ್ತದೆ. ಮ್ಯಾನ್ಯುಯಲ್ ಹೇಳಿದಷ್ಟು ಓಡಿಸಿದ ಮೇಲೆ, ಅದೇ ಕ್ರಮದಲ್ಲಿ, ಒಂದೊಂದೇ ಬೋಲ್ಟನ್ನು ತುಸು ಸಡಿಲಿಸಿ ಮತ್ತೆ ಬಿಗಿಯಿರಿ. ಅಂಬಾಸಿಡರಿನಂಥ ಇಂಜಿನ್ನಿನಲ್ಲಿ ಹೆಡ್ ಒಂದಿಷ್ಟು ಇಳಿದರೂ ಟ್ಯಾಪೆಟ್ ಗ್ಯಾಪ್ ಕಡಿಮೆಯಾಗುತ್ತದೆ. ಅದನ್ನು ಹಾಗೇ ಬಿಟ್ಟರೆ ವಾಲ್ವ್ ಸುಟ್ಟುಹೋಗುತ್ತದೆ. ಫೀಲರ್ ಗೇಜ್ ಹಿಡಿದು ಅದನ್ನೂ ಸರಿಮಾಡಿ. ಕಿತ್ತ ಹಳೇ ಗ್ಯಾಸ್ಕೆಟ್ಟಿನಲ್ಲಿ ಕಲ್ನಾರು ಇರಬಹುದು. ಒಣಗಿದ್ದನ್ನು ಕೆರೆದು ಧೂಳೆಬ್ಬಿಸಬೇಡಿ, ಒದ್ದೆ ಮಾಡಿಕೊಂಡು ತೆಗೆಯಿರಿ.

ಇಷ್ಟೆಲ್ಲ ಮಾಡುವವರು ಇನ್ನೊಂದು ಕೆಲಸವನ್ನೂ ಮಾಡಿ. ಎಂದು ಬಿಗಿದಿರಿ, ಎಷ್ಟಕ್ಕೆ ಬಿಗಿದಿರಿ, ಆಗ ಮೀಟರ್ ಎಷ್ಟು ತೋರಿಸುತ್ತಿತ್ತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದು ಗಾಡಿಯಲ್ಲೇ ಇಡಿ. ಮುಂದೆ ಆ ಹೆಡ್ ಬಿಚ್ಚುವವನಿಗೆ ಅದು ಬೇಕಾಗುತ್ತದೆ.